ಬಾಯಿ ತೆರೆದ ಬಿಲಗಳು

ಉಳ್ಳಾರ್ತಿ ಕಾವಲೆಂಬ ಹುಲ್ಲುಗಾವಲಿಗೆ ಸರ್ಕಾರ ಹಾಕಿದ ಬೇಲಿಯ ಹೊರಗೆ ಉಳಿದ ಹುಲ್ಲಿನಲ್ಲಿ ಕುರಿ ಮೇಯಿಸುವ ನಮ್ಮ ಹಟ್ಟಿಯವರು, ಕುರಿ ಕೂಡಲು ರೊಪ್ಪ ಹಾಕುವ ಮೊದಲು ದೊಡ್ಡೀರಪ್ಪಜ್ಜನನ್ನು ಕೇಳುತ್ತಿದ್ದರು. ಅಜ್ಜ ಆಕಾಶ ನೋಡುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ನೆಲಜೇಡದ ಬಿಲ ಹುಡುಕುತ್ತಿದ್ದ. ಈ ಜೇಡ ಗೋಡೆಗೆ ಬಲೆ ಕಟ್ಟುವುದಿಲ್ಲ. ಬೆರಳು ಹೋಗುವಷ್ಟು ತೂತು ತೋಡಿ, ಒಳಗೆ ನೂಲು ಸವರಿ ಕಾಯುತ್ತದೆ. ಒಂದೇ ಕುಲದಲ್ಲಿ ಬೇರೆ ಬೇರೆ ಜಾತಿಗಳಿವೆ ಎನ್ನುತ್ತಿದ್ದ ಅಜ್ಜ. ಬೂದಿ ಬಣ್ಣದ್ದು ಬಿಲದ ಬಾಯಿಗೆ ಹುಲ್ಲುಕಡ್ಡಿಯ ಕಟ್ಟೆ ಕಟ್ಟುತ್ತದೆ, ಹೊಟ್ಟೆ ಕಪ್ಪಗಿರುವುದು ಕಲ್ಲಿನ ಮಗ್ಗುಲಲ್ಲಿ ಬರಿ ತೂತು ಬಿಡುತ್ತದೆ. ದೊಡ್ಡ ಮಳೆ ಬರುವುದಾದರೆ ಎರಡು ಜಾತಿಯವೂ ಬಿಲದ ಬಾಯಿ ಮುಚ್ಚಿಕೊಳ್ಳುತ್ತವೆ ಎಂಬುದು ಅವನ ನಂಬಿಕೆ. "ನಮ್ಮಣ್ಣ ಹುಳದ ಅಪ್ಪಣೆ ಇಲ್ದೆ ಉಚ್ಚೆಗೂ ಏಳಲ್ಲ" ಎಂದು ತಮ್ಮ ಚಿಕ್ಕೀರಪ್ಪ ಎಲ್ಲರನ್ನೂ ನಗಿಸುತ್ತಿದ್ದ. ರೊಪ್ಪ ಮಾತ್ರ ಅಣ್ಣ ತೋರಿಸಿದಲ್ಲೇ ಹಾಕುತ್ತಿದ್ದ.

ಹೋದ ಬೇಸಿಗೆಯಲ್ಲಿ ಕಾವಲಿಗೆ ಬೆಂಕಿ ಬಿದ್ದು ಒಂದು ಇಳಿಜಾರು ಪೂರ್ತಿ ಸುಟ್ಟಿತು. ಮುಂಗಾರಿಗೆ ಅಲ್ಲೇ ಎಳೆಹುಲ್ಲು ಬಂದದ್ದರಿಂದ ಹಟ್ಟಿಯವರು ಅಲ್ಲಿಗೆ ಹೋದರು. ಅಜ್ಜನ ಸೊಸೆ ಪಾತಮ್ಮನ ಕುರಿಗಳು ಆಗಷ್ಟೇ ಈದಿದ್ದವು. ತವರಿನಿಂದ ತಂದ ಒಂದು ಕುರಿಯಿಂದ ಅವಳು ಬೆಳೆಸಿದ ಹಿಂಡು ಅದು. ತಾಯಿಕುರಿಗಳು ಮೇಯಲು ಹೋದಾಗ ಎಳೆಮರಿಗಳನ್ನು ಬುಟ್ಟಿಯಡಿ ಮುಚ್ಚಿ, ನರಿ ಮಗುಚದಂತೆ ಮೇಲೆ ಕಲ್ಲು ಹೇರುವುದು ರೂಢಿ. ಗಾಳಿ ಜೋರಾಗಿದ್ದರಿಂದ ಅಜ್ಜ ಬುಟ್ಟಿಗಳಿಗೆ ತಗ್ಗು ತೋರಿಸಿದ.

"ಮಾವ, ಮೋಡ ಕವುಚ್ಕಂಡೈತೆ. ದಿಬ್ಬದ ಮ್ಯಾಲೆ ಇಡಾನ?" ಎಂದಳು ಪಾತಮ್ಮ.

"ಮೋಡ ಸುಳ್ಳು ಹೇಳ್ತೈತವ್ವ. ಇಲ್ಲಿ ನೋಡು, ಬಿಲ ಎಲ್ಲಾ ಬಾಯಿ ತಕ್ಕಂಡವೆ."

ಯಾವ ಬಿಲಕ್ಕೂ ಕಡ್ಡಿಯ ಕಟ್ಟೆ ಇರಲಿಲ್ಲ. ಬೇಸಿಗೆಯ ಬೆಂಕಿಗೆ ಕಟ್ಟೆ ಸುಟ್ಟಿರಬೇಕು ಎಂದುಕೊಂಡ ಅಜ್ಜ ಒಳಗೆ ಕೆದಕಿ ನೋಡಲಿಲ್ಲ.

ಮಧ್ಯಾಹ್ನ ಮಳೆ ಸುರಿಯಿತು. ದೂರದಲ್ಲಿ ಹಿಂಡಿನ ಜೊತೆಗಿದ್ದವರು ಓಡಿ ಬರುವಷ್ಟರಲ್ಲಿ ತಗ್ಗು ತುಂಬಿತ್ತು. ಬುಟ್ಟಿಗಳ ಮೇಲಿಟ್ಟ ಕಲ್ಲುಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಬುಟ್ಟಿ ಎತ್ತಿದಾಗ ಒಂದು ಮರಿಯಲ್ಲೂ ಉಸಿರಿರಲಿಲ್ಲ.

ಮಳೆ ನಿಂತ ಮೇಲೆ ಅಜ್ಜ ಇಳಿಜಾರಿನ ಬಿಲಗಳನ್ನು ಒಂದೊಂದಾಗಿ ಅಗೆದ. ಕೆಲವು ಖಾಲಿ, ಉಳಿದವುಗಳಲ್ಲಿ ಮಣ್ಣಿಗಂಟಿದ, ಮಡಚಿಕೊಂಡ ಜೇಡದ ಕಾಲುಗಳು. ಚಿಕ್ಕೀರಪ್ಪ ಬಂದು ಪಕ್ಕದಲ್ಲಿ ನಿಂತ.

"ಬೆಂಕಿ ಬಿದ್ದಾಗ್ಲೇ ಸತ್ತಿದ್ವು ಕಣಲೇ" ಎಂದ ಅಜ್ಜ. "ಮುಚ್ಕಳಾಕೆ ಒಂದೂ ಇರ್ಲಿಲ್ಲ."

ಸಂಜೆ ತಾಯಿಕುರಿಗಳು ತಗ್ಗಿನ ಕಡೆ ತಿರುಗಿ ಅರಚತೊಡಗಿದವು. ಕೆಚ್ಚಲು ಬಾತು ಹೋಗದಿರಲೆಂದು ಪಾತಮ್ಮ ಒಂದೊಂದರ ಹಾಲನ್ನೂ ನೆಲಕ್ಕೆ ಹಿಂಡಿದಳು. ಅಜ್ಜ ಕುರಿಯ ಕುತ್ತಿಗೆ ಹಿಡಿಯಲು ಬಂದ.

"ಬ್ಯಾಡ ಮಾವ. ನಾನೇ ಹಿಡ್ಕಂತೀನಿ."

ಒಂದೇ ಕೈಗೆ ಕುರಿ ನಿಲ್ಲುತ್ತಿರಲಿಲ್ಲ. ಅದು ಕೊಸರಿಕೊಂಡು ತಗ್ಗಿನತ್ತ ಹೋದಾಗಲೆಲ್ಲ ಅವಳು ಎದ್ದು ಎಳೆದು ತರುತ್ತಿದ್ದಳು. ಅಜ್ಜನನ್ನು ಕರೆಯಲಿಲ್ಲ.