ಅಕ್ಕನ ಬಾಯಲ್ಲಿದ್ದ ಜ್ಯೇಷ್ಠಮಧು

ಅಕ್ಕನ ಕೈ ಸ್ಟಿಯರಿಂಗ್‌ನಿಂದ ಜಾರಿದ್ದು ಹೆದ್ದಾರಿಯಲ್ಲಿ, ಫ್ಯಾಕ್ಟೋರಿಯಾ ಎಕ್ಸಿಟ್‌ನ ಹತ್ತಿರ. ಕ್ರಾಸ್‌ರೋಡ್ಸ್‌ನಲ್ಲಿ ಅವಳ ಸಂಗೀತದ ಕ್ಲಾಸು ಮುಗಿಸಿ ಇಬ್ಬರೂ ನ್ಯೂಕ್ಯಾಸಲ್‌ನ ಅವಳ ಮನೆಗೆ ಹೊರಟಿದ್ದೆವು. "ಕೈಯಾಗ ಬಲಾನ ಇಲ್ಲ, ಹಿಡಿಯೇ!" ಎಂದಳು. ನನ್ನ ಕಿಟಕಿಯ ಮಟ್ಟಕ್ಕೆ ಒಂದು ಲಾರಿಯ ಚಕ್ರಗಳಿದ್ದವು. ಪಕ್ಕದ ಸೀಟಿನಿಂದ ಎಡಕ್ಕೆ ಬಾಗಿ ಸ್ಟಿಯರಿಂಗ್ ಹಿಡಿದೆ. ಲಾರಿ ಮುಂದೆ ಹೋದ ಮೇಲೆ ಕಾರನ್ನು ರಸ್ತೆಯಂಚಿಗೆ ಎಳೆದೆ. ಅವಳು ಹೇಗೋ ಬ್ರೇಕ್ ಒತ್ತಿದಳು. ಆ ಚಕ್ರಗಳು ನನಗೆ ಈಗಲೂ ಕಾಣುತ್ತವೆ.

ಆ ಚಳಿಗಾಲವಿಡೀ ಅವಳ ಬಿಪಿ ಏರುತ್ತಲೇ ಇತ್ತು. ನಾವು ಟೆನ್ಷನ್ ಎಂದುಕೊಂಡಿದ್ದೆವು. "ನಿನ್ನ ಶಿಷ್ಯರ ಅಪಸ್ವರ ಕೇಳಿದ್ರ ನನ್ನ ಬಿಪಿನೂ ಏರತದ," ಎಂದು ಭಾವ ನಗುತ್ತಿದ್ದರು.

ಅಂದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಪೊಟ್ಯಾಸಿಯಂ ತೀರ ಇಳಿದಿತ್ತು. ಮಾತ್ರೆ, ಗಿಡಮೂಲಿಕೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರಮ್ಮ ಕೇಳಿದರು. ಅಕ್ಕ ಇಲ್ಲವೆಂದಳು. ಅಷ್ಟರಲ್ಲಿ ನರ್ಸ್ ಜ್ವರ ನೋಡಲು ಬಂದಳು. ಥರ್ಮಾಮೀಟರಿಗೆ ಜಾಗ ಮಾಡಲು ಅಕ್ಕ ದವಡೆಯಿಂದ ಜಗಿದ ಬೇರಿನ ತುಂಡೊಂದನ್ನು ತೆಗೆದು ಟಿಶ್ಯೂವಿನಲ್ಲಿಟ್ಟಳು. ಡಾಕ್ಟರಮ್ಮ ಅದನ್ನೇ ನೋಡಿದರು.

"ಅದೇನ್ ಔಷಧ ಅಲ್ಲ, ಜ್ಯೇಷ್ಠಮಧು. ಹಾಡೋರು ಗಂಟಲಿಗೆ ಇಟ್ಕೊಳ್ಳೂದು, ಹೇಳ ಅವರಿಗೆ," ಎಂದು ಅಕ್ಕ ನನ್ನ ಕಡೆ ತಿರುಗಿದಳು. ಧಾರವಾಡದಲ್ಲಿ ಕಲಿಯುವಾಗ ಹತ್ತಿದ ರೂಢಿ ಅದು. ಈ ಪರದೇಶದ ಚಳಿಗೆ ಗಂಟಲು ಕೆಟ್ಟ ಮೇಲೆ ಬೆಳಗಿನಿಂದ ಮಲಗುವವರೆಗೂ ಬೇರು ಬಾಯಲ್ಲೇ ಇರುತ್ತಿತ್ತು.

ನಾನು ಅನುವಾದಿಸಿದೆ. ಆಮೇಲೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಕಾರ್ಟಿಸಾಲ್ ನಮ್ಮ ದೇಹವೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನು. ಮೂತ್ರಪಿಂಡದಲ್ಲಿ ಅದನ್ನು ಸುಮ್ಮನಾಗಿಸುವ ಏರ್ಪಾಡಿದೆ. ಈ ಬೇರು ಅತಿಯಾದರೆ ಆ ಏರ್ಪಾಡು ಕೆಲಸ ಮಾಡುವುದಿಲ್ಲ. ಆಗ ದೇಹ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ. ನರಗಳ ಸಣ್ಣ ಸೂಚನೆಗೂ ರಕ್ತನಾಳಗಳು ಹೆಚ್ಚು ಬಿಗಿಯಾಗುತ್ತವೆ, ಬಿಪಿ ಏರುತ್ತದೆ. ಟೆನ್ಷನ್ ಸುಳ್ಳಲ್ಲ, ಆದರೆ ಅದೊಂದೇ ಕಾರಣವೂ ಅಲ್ಲ. ಪೊಟ್ಯಾಸಿಯಂ ಇಳಿದರೆ ಸ್ನಾಯುಗಳು ಸೋಲುತ್ತವೆ; ಹೃದಯವೂ ಸ್ನಾಯುವೇ.

ಆ ಕೊನೆಯ ಮಾತನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳುವಾಗ ನಾನು ಆ ಟಿಶ್ಯೂವಿನ ಕಡೆಗೇ ನೋಡುತ್ತಿದ್ದೆ. ಅವಳೇ ನನ್ನ ಕೈ ಹಿಡಿದುಕೊಂಡಳು. ಹಿಡಿತದಲ್ಲಿ ಬಲವಿರಲಿಲ್ಲ.

ಬೇರು ಬಿಟ್ಟ ಮೇಲೆ ಬಿಪಿ ನಿಧಾನವಾಗಿ ಇಳಿಯಿತು. ಡಾಕ್ಟರು ಒಪ್ಪಿದ ನಂತರ ಅಕ್ಕ ಮತ್ತೆ ಕಾರು ನಡೆಸಿದಳು. ಫ್ಯಾಕ್ಟೋರಿಯಾ ಬರುತ್ತಿದ್ದಂತೆ ನನ್ನ ಎಡಗೈ ತಾನಾಗಿಯೇ ಸ್ಟಿಯರಿಂಗ್‌ನ ಹತ್ತಿರ ಹೋಯಿತು.

"ಕೈ ತೆಗಿಯೇ. ನೋಡ, ಬಾಯಾಗ ಏನಿಲ್ಲ," ಎಂದು ಅಕ್ಕ ರಸ್ತೆ ನೋಡುತ್ತಲೇ ಬಾಯಿ ಅಗಲ ತೆರೆದಳು. ನಾನು ಪೂರ್ತಿ ನೋಡಿದ ಮೇಲೆಯೇ ಕೈ ತೆಗೆದೆ.