ಕೆಂಪಕ್ಕನ ಪರದೆ

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳನ್ನು ಎಲ್ಲರೂ ಕೆಂಪಕ್ಕ ಎಂದೇ ಕರೆಯುತ್ತಿದ್ದರು. ಮೈಬಣ್ಣಕ್ಕೆ ಬಂದ ಹೆಸರಲ್ಲ. ಮೂಗಿನ ತುದಿಯ ಕೋಪಕ್ಕೆ ಬಂದಿದ್ದು ಎನ್ನುವವರಿದ್ದರು, ಅದೂ ಪೂರ್ತಿ ಸುಳ್ಳಲ್ಲ. ಆದರೆ ನಿಜವಾದ ಕಾರಣ ಅವಳ ಪರದೆ.

ಅವಳ ಪಾಲಿಗೆ ಎರಡು ಬಗೆಯ ಯಂತ್ರಗಳಿದ್ದವು. ರಕ್ತಪರೀಕ್ಷೆಯ ವಿಭಾಗದ ಯಂತ್ರವನ್ನು ನಡೆಸುತ್ತಿದ್ದ ವ್ಯವಸ್ಥೆ ಹಳೆಯ ಸೋಲಾರಿಸ್, ಉಳಿದವುಗಳದ್ದೆಲ್ಲ ಲಿನಕ್ಸ್. ಎರಡೂ ಯುನಿಕ್ಸ್ ಕುಲದ ದಾಯಾದಿಗಳು. ಮುಖ ಒಂದೇ, ಬುದ್ಧಿ ಬೇರೆ. ಲಿನಕ್ಸ್‌ನಲ್ಲಿ 'ಕಿಲ್‌ಆಲ್' ಎಂದು ಟೈಪಿಸಿ ಒಂದು ಪ್ರೋಗ್ರಾಮಿನ ಹೆಸರು ಕೊಟ್ಟರೆ ಅದೊಂದೇ ನಿಲ್ಲುತ್ತದೆ. ಅದೇ ಸಾಲನ್ನು ಸೋಲಾರಿಸ್‌ಗೆ ಕೊಟ್ಟರೆ, ಹೆಸರನ್ನು ನೋಡುವ ಗೋಜಿಗೂ ಹೋಗದೆ ಓಡುತ್ತಿರುವುದನ್ನೆಲ್ಲ ಮಲಗಿಸಿಬಿಡುತ್ತದೆ.

"ನೀನು ಎರಡು ಮನೆಗೆ ಸೊಸೆ ಕಣೇ" ಎಂದು ಗಂಡ ರೇಗಿಸುತ್ತಿದ್ದ. ಒಂದೇ ಮೇಜಿನಲ್ಲಿ ಕೂತು ದಿನವಿಡೀ ಇಲ್ಲಿಂದ ಅಲ್ಲಿಗೆ ಹಾರುವ ಕೈಗೆ ಯಾವ ಮನೆ ಎಂದು ಹೇಗೆ ತಿಳಿಯಬೇಕು? ಅದಕ್ಕೇ ಸೋಲಾರಿಸ್ ತೆರೆದಾಗಲೆಲ್ಲ ಪರದೆ ಕಡುಗೆಂಪಾಗುವಂತೆ ಮಾಡಿಟ್ಟಿದ್ದಳು. ಕೆಂಪು ಕಂಡರೆ ಕೈ ತಾನಾಗಿ ನಿಲ್ಲುತ್ತಿತ್ತು.

ಹೊಸದಾಗಿ ಬಂದ ಮ್ಯಾನೇಜರ್ ಮೂಗು ಮುರಿದ.

"ಏನ್ರೀ ಇದು, ಕಣ್ಣಿಗೆ ಹೊಡೆಯೋ ಹಾಗೆ? ನಾಳೆ ಟ್ರಸ್ಟಿಗಳು ಬರ್ತಾರೆ. ಎಲ್ಲಾ ಬಿಳಿ ಮಾಡಿ."

"ಸರ್, ಅದು ಚಂದಕ್ಕಲ್ಲ. ನಾನು ಯಾವ ಯಂತ್ರದಲ್ಲಿದ್ದೀನಿ ಅಂತ ಗೊತ್ತಾಗೋದೇ ಅದ್ರಿಂದ."

"ಇಷ್ಟು ವರ್ಷದ ಅನುಭವ ಅಂತೀರಿ, ಬಣ್ಣ ನೋಡ್ಕೊಂಡು ಕೆಲ್ಸ ಮಾಡ್ತೀರಾ?"

ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳ ಮೈಯೆಲ್ಲ ಉರಿದುಹೋಯಿತು. ಅವನು ಬೆನ್ನ ಹಿಂದೆಯೇ ನಿಂತು, ಅವಳ ಕೈಯಿಂದಲೇ ಕೆಂಪನ್ನು ತೆಗೆಸಿದ.

ಮರುದಿನ ಟ್ರಸ್ಟಿಗಳು ಕೋಣೆಯೊಳಗೆ ನಿಂತಿದ್ದಾಗಲೇ ಬಿಲ್ಲಿನ ಕೌಂಟರ್‌ನಿಂದ ಫೋನ್ ಬಂತು: ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿದೆ, ಜನ ಕೂಗಾಡುತ್ತಿದ್ದಾರೆ. "ಬೇಗ, ಬೇಗ" ಎಂದ ಮ್ಯಾನೇಜರ್. ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಲೆಂದು ಅವಳು ಎದುರಿಗಿದ್ದ ಬಿಳಿ ಪರದೆಯಲ್ಲಿ ಕಿಲ್‌ಆಲ್ ಒತ್ತಿದಳು. ಅದು ಸೋಲಾರಿಸ್.

ರಕ್ತಪರೀಕ್ಷೆಯ ವಿಭಾಗವೇ ತಣ್ಣಗಾಯಿತು. ಆಪರೇಷನ್ ಕೋಣೆಯಲ್ಲಿ ವರದಿಗಾಗಿ ಕಾದಿದ್ದ ವೈದ್ಯೆ ಫೋನಿನಲ್ಲಿ ಕಿರುಚಿದಳು. ಕೆಂಪಕ್ಕ ಯಾರ ಮುಖವನ್ನೂ ನೋಡದೆ, ಹಲ್ಲು ಕಚ್ಚಿ, ಒಂದೊಂದನ್ನೇ ಎಬ್ಬಿಸುತ್ತ ಹೋದಳು. ಕೊನೆಗೆ "ವರದಿ ಬಂತು" ಎಂದಿತು ಫೋನು.

ಆಗ ಮ್ಯಾನೇಜರ್ ಟ್ರಸ್ಟಿಗಳಿಗೆ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ಇದು ಯಾರ ಕೈಯಿಂದ ಆಗಿದ್ದು ಅಂತ ಈಗ್ಲೇ ಗೊತ್ತಾಗ್ಬೇಕು."

ಅವಳು ಎದ್ದು ನಿಂತಳು. ಇಷ್ಟು ವರ್ಷ ಉಳಿಸಿಕೊಂಡಿದ್ದ ಹೆಸರು ಹೋಗುವುದಾದರೆ ತನ್ನದೊಂದೇ ಹೋಗಬಾರದು ಎಂದು ಆಗಲೇ ನಿರ್ಧರಿಸಿಯಾಗಿತ್ತು.

"ಕೈ ನಂದೇ ಸರ್. ತಪ್ಪೂ ನಂದೇ, ಇಲ್ಲ ಅನ್ನಲ್ಲ. ಆದ್ರೆ ನಿನ್ನೆ ನನ್ನ ಹಿಂದೆ ನಿಂತು ಕಣ್ಣು ಕಿತ್ತವರು ಯಾರು, ಅದನ್ನೂ ಇವ್ರ ಮುಂದೆ ಹೇಳಿ."

ಅವಳು ಬಗ್ಗಿ ನಾಲ್ಕು ಕೀಲಿ ಒತ್ತಿದಳು, ಪರದೆ ಕೆಂಪಾಯಿತು. ಆಮೇಲೆ ಕುರ್ಚಿಯನ್ನು ಅವನತ್ತ ತಳ್ಳಿದಳು.

"ಬಿಳಿನೇ ಬೇಕಾ? ಬನ್ನಿ, ನೀವೇ ಕೂತ್ಕೊಳ್ಳಿ."

ಅವನು ಕೂರಲಿಲ್ಲ.