ಗುಳಿಗೆಯನ್ನು ಅನುಮಾನಿಸಿದ ಅತ್ತೆ

ಊಟದ ತಟ್ಟೆ ಗೋಡೆಗೆ ಬಡಿದು ಸದ್ದಾದ ಮೇಲೆಯೇ ಅದನ್ನು ಎಸೆದವಳು ನಾನೆಂಬುದು ನನ್ನ ಅರಿವಿಗೆ ಬಂದದ್ದು. ನಾಲ್ಕು ವರ್ಷದ ಮಗಳು ಇನ್ನೊಂದು ರೊಟ್ಟಿ ಕೇಳಿದ್ದಳು, ಅಷ್ಟೇ. ಅವಳು ಅಳಲಿಲ್ಲ. ನೆಲಕ್ಕೆ ಚೆಲ್ಲಿದ ಪಲ್ಯವನ್ನು ಪುಟ್ಟ ಕೈಗಳಿಂದ ಬಳಿಯುತ್ತ, "ಯವ್ವಾ, ಇನ್ನ ಕೇಳಂಗಿಲ್ಲ" ಅಂದಳು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬೈಯುತ್ತಾರೆಂದುಕೊಂಡೆ. ಎರಡು ತಿಂಗಳಿಂದ ನನಗೆ ಕಾರಣವಿಲ್ಲದ ಅಳು, ಸಿಟ್ಟು, ಒಂದು ಕಡೆ ಕೂರಲಾಗದ ತಳಮಳ. ಮಾನ್ವಿ ಊರಿನ ನಮ್ಮ ಓಣಿಯಲ್ಲಿ ಯಾರದೋ ಕಣ್ಣು ಬಿದ್ದಿದೆ ಎಂಬ ಮಾತು ಆಗಲೇ ಶುರುವಾಗಿತ್ತು. ಅತ್ತೆ ಮಾತ್ರ ನನ್ನ ಪಕ್ಕ ಕುಳಿತು ಮೆಲ್ಲಗೆ ಕೇಳಿದರು: "ಮಕ್ಕಳಾಗದಂಗ ಗುಳಿಗಿ ತಗೊಳ್ಳಾಕತ್ತಿಯಲ್ಲಾ, ಹಿಂಗ ಆಗಾಕತ್ತಿದ್ದು ಅವಾಗಿಂದನ ಅಲ್ಲೇನವ್ವಾ?"

ನನಗದು ಹೊಳೆದೇ ಇರಲಿಲ್ಲ. ಎರಡನೇ ಮಗು ಸದ್ಯಕ್ಕೆ ಬೇಡವೆಂದು ಗುಳಿಗೆ ಶುರು ಮಾಡಿದ ತಿಂಗಳಲ್ಲೇ ನನ್ನ ನೆಮ್ಮದಿ ಕೆಟ್ಟಿತ್ತು. ಮರುದಿನ ಅತ್ತೆಯೇ ರಾಯಚೂರಿಗೆ ಕರೆದೊಯ್ದರು. ವೈದ್ಯೆ ಎಲ್ಲವನ್ನೂ ಸಾವಧಾನವಾಗಿ ಕೇಳಿ, ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಹಾರ್ಮೋನಿನ ಗುಳಿಗೆಯಿಂದ ಮನಸ್ಸು ಹೀಗೆ ಕುಗ್ಗುವುದುಂಟು ಎಂದರು. ಅದನ್ನು ನಿಲ್ಲಿಸಿ ಬೇರೆ ವಿಧಾನ ಸೂಚಿಸಿದರು. ತಿಂಗಳು ಬಿಟ್ಟು ಮತ್ತೆ ಬಂದು ತೋರಿಸಲು ಹೇಳಿದರು. ನನಗೆ ಹುಚ್ಚು ಹಿಡಿದಿಲ್ಲ ಎಂದು ತಿಳಿದು ಅಲ್ಲೇ ಅತ್ತುಬಿಟ್ಟೆ.

ಈಗ ನಾನು ಮೊದಲಿನಂತಾಗಿದ್ದೇನೆ. ಮಗಳು ಮಾತ್ರ ಇನ್ನೂ ಅಡುಗೆಮನೆಯ ಹೊರಗೆ ಒಂದು ಕ್ಷಣ ತಡೆದು, ನನ್ನ ಮುಖ ನೋಡಿಯೇ ಒಳಗೆ ಬರುತ್ತಾಳೆ. ಪ್ರತಿಸಲವೂ ನಾನೇ ಮೊದಲು ನಗುತ್ತೇನೆ.